ಮೆದುಳಿಗೆ ಪೆಟ್ಟಾದ ಮೇಲೆ: ಆಟ, ಡೈರಿ, ರೂಢಿ, ಯೋಜನೆ — ಯಾವ ಥೆರಪಿ ಯಾರಿಗೆ?

ದಿನಕ್ಕೊಂದು ಗಂಟೆ ಕಂಪ್ಯೂಟರಿನಲ್ಲಿ ಮೆದುಳಿನ ಆಟ ಆಡಿಸಬೇಕೋ, ಡೈರಿ ನೋಡುವುದನ್ನು ರೂಢಿ ಮಾಡಿಸಬೇಕೋ, ಥೆರಪಿಸ್ಟನ್ನು ಮನೆಗೆ ಕರೆಸಬೇಕೋ, ಇದ್ದಬದ್ದ ದುಡ್ಡೆಲ್ಲ ಹಾಕಿ ಪುನಶ್ಚೇತನ ಕೇಂದ್ರಕ್ಕೇ ಸೇರಿಸಬೇಕೋ? ಅಪಘಾತವೋ, ಬಿದ್ದ ಪೆಟ್ಟೋ, ಪಾರ್ಶ್ವವಾಯುವೋ, ಕಾರಣ ಏನೇ ಇರಲಿ, ಆಸ್ಪತ್ರೆಯಿಂದ ಮನೆಗೆ ಬಂದ ಕೆಲವೇ ವಾರಗಳಲ್ಲಿ ಮನೆಯವರ ಮುಂದೆ ಈ ಪ್ರಶ್ನೆ ನಿಂತಿರುತ್ತದೆ. ಕೈಕಾಲು ಆಡುತ್ತಿರುತ್ತವೆ, ಮಾತು ಬಂದಿರುತ್ತದೆ. ಮರೆವು, ಹಾರುವ ಗಮನ, ಅರ್ಧಕ್ಕೆ ನಿಲ್ಲುವ ಕೆಲಸ ಇವು ಮಾತ್ರ ಜೊತೆ ಬಿಟ್ಟಿರುವುದಿಲ್ಲ.

ಉತ್ತರ ಸ್ಕ್ಯಾನಿನಲ್ಲಿ ಸಿಗುವುದಿಲ್ಲ. ನೆನಪಿನ ಪರೀಕ್ಷೆಯ ಅಂಕದಲ್ಲೂ ಪೂರ್ತಿ ಸಿಗುವುದಿಲ್ಲ. ಎರಡು ಸಂಗತಿ ಗೊತ್ತಾದರೆ ಮುಕ್ಕಾಲು ಆಯ್ಕೆ ತಾನಾಗಿಯೇ ಆಗುತ್ತದೆ: ತಮ್ಮ ತಪ್ಪು ಅವರಿಗೆ ಎಷ್ಟರಮಟ್ಟಿಗೆ ಗೊತ್ತಾಗುತ್ತಿದೆ? ಅವರು ಮಾಡಬೇಕಾದ ಕೆಲಸ ದಿನವೂ ಒಂದೇ ಥರದ್ದೋ, ದಿನಕ್ಕೊಂದು ಥರದ್ದೋ?

ಥೆರಪಿಗೆ ಮುಂಚೆ ನೋಡಬೇಕಾದದ್ದು

ಪೆಟ್ಟಾದ ಆರಂಭದಲ್ಲಿ, ಎಚ್ಚರವಿದ್ದರೂ ಹೊಸ ನೆನಪು ಕೂರದ ಒಂದು ಘಟ್ಟ ಇರುತ್ತದೆ. ಬೆಳಿಗ್ಗೆ ಬಂದ ತಮ್ಮನ ಜೊತೆ ಚೆನ್ನಾಗಿ ಮಾತಾಡಿರುತ್ತಾರೆ, ಮಧ್ಯಾಹ್ನ ‘ಅವನು ಬರಲೇ ಇಲ್ಲವಲ್ಲ’ ಅನ್ನುತ್ತಾರೆ. ಈ ಘಟ್ಟ ಒಂದು ದಿನದೊಳಗೆ ಮುಗಿದರೆ ಪೆಟ್ಟು ಸೌಮ್ಯ, 1ರಿಂದ 7 ದಿನ ಹಿಡಿದರೆ ಮಧ್ಯಮ, ವಾರ ದಾಟಿದರೆ ತೀವ್ರ ಎಂಬುದು ವೈದ್ಯರು ಬಳಸುವ ಒಂದು ಲೆಕ್ಕ. ಈ ಘಟ್ಟದಲ್ಲಿ ಕಠಿಣ ತರಬೇತಿ ಕೊಟ್ಟು ಪ್ರಯೋಜನವಿಲ್ಲ, ಸಿಟ್ಟು ಮತ್ತು ಸುಸ್ತು ಹೆಚ್ಚುತ್ತದೆ ಅಷ್ಟೇ. ಶಾಂತವಾದ ಕೋಣೆ, ಕಣ್ಣಿಗೆ ಬೀಳುವ ಕ್ಯಾಲೆಂಡರ್ ಮತ್ತು ಗಡಿಯಾರ, ದಿನವೂ ಅದೇ ಒಂದಿಬ್ಬರು ನೋಡಿಕೊಳ್ಳುವವರು, ಒಂದೇ ವೇಳಾಪಟ್ಟಿ: ಆ ಹೊತ್ತಿಗೆ ಅದೇ ಥೆರಪಿ.

ಆ ಘಟ್ಟ ಕಳೆದ ಮೇಲೂ ಮರೆವಿಗೆಲ್ಲ ಪೆಟ್ಟೇ ಕಾರಣ ಅಂದುಕೊಳ್ಳಬೇಡಿ. ನಿದ್ರೆ ಕೆಟ್ಟಿದ್ದರೆ, ಖಿನ್ನತೆ ಇದ್ದರೆ, ಮಂಪರು ತರಿಸುವ ಮಾತ್ರೆ ನಡೆಯುತ್ತಿದ್ದರೆ, ನೋವು ಕಾಡುತ್ತಿದ್ದರೆ ಗಮನ ನಿಲ್ಲುವುದಿಲ್ಲ. ಗಮನ ನಿಲ್ಲದಿದ್ದರೆ ನೆನಪು ಕೂರುವುದಿಲ್ಲ. ಇದ್ದಕ್ಕಿದ್ದಂತೆ ಕ್ಷಣಕಾಲ ಶೂನ್ಯವಾಗಿ ನೋಡುವುದು ಫಿಟ್ಸ್ ಇರಬಹುದು. ತಟ್ಟೆಯ ಎಡಭಾಗದ ಊಟ ಹಾಗೇ ಉಳಿಯುತ್ತಿದ್ದರೆ, ಎಡ ಭುಜ ಬಾಗಿಲಿಗೆ ತಾಗುತ್ತಿದ್ದರೆ ಅದು ಮರೆವಲ್ಲ. ಒಂದು ಬದಿಯ ಮೇಲೆ ಲಕ್ಷ್ಯವೇ ಹೋಗದ ತೊಂದರೆ ಅದು, ಅದಕ್ಕೆ ಕಣ್ಣು ಹೊರಳಿಸುವ ತರಬೇತಿಯೇ ಬೇರೆ ಇದೆ. ಇನ್ನು, ಚೇತರಿಸಿಕೊಳ್ಳುತ್ತಿದ್ದವರು ದಿನೇದಿನೇ ಹಿಂದಕ್ಕೆ ಹೋಗುತ್ತಿದ್ದರೆ, ಅಂದರೆ ತಲೆನೋವು ಏರುತ್ತಿದ್ದರೆ, ವಾಂತಿ, ತೂಕಡಿಕೆ, ನಡಿಗೆಯಲ್ಲಿ ಹೊಸ ತೊಡಕು ಕಂಡರೆ, ಥೆರಪಿಸ್ಟಿಗೆ ಫೋನ್ ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ತಲೆಯೊಳಗೆ ನಿಧಾನವಾಗಿ ರಕ್ತವೋ ನೀರೋ ತುಂಬುತ್ತಿರಬಹುದು.

ಯಾವ ಅಳತೆಗೋಲು ಹಿಡಿದು ತೂಗಬೇಕು

ಮೊದಲನೆಯದು ಅರಿವು. ಇದು ‘ಇದೆ’ ಅಥವಾ ‘ಇಲ್ಲ’ ಎನ್ನುವಂಥದ್ದಲ್ಲ, ಮೂರು ಮೆಟ್ಟಿಲು. ‘ನನಗೆ ಮರೆವಿದೆ’ ಎಂದು ಬಾಯಲ್ಲಿ ಹೇಳಬಲ್ಲವರು ಒಂದನೆಯ ಮೆಟ್ಟಿಲಲ್ಲಿದ್ದಾರೆ. ಕೆಲಸ ಮಾಡುತ್ತಿರುವಾಗಲೇ ‘ಅಯ್ಯೋ, ಸಕ್ಕರೆ ಎರಡು ಸಲ ಹಾಕಿದೆ’ ಎಂದು ತಡೆಯುವವರು ಎರಡನೆಯದರಲ್ಲಿ. ‘ನಾಳೆ ಬ್ಯಾಂಕಿಗೆ ಹೋಗಬೇಕು, ಅಲ್ಲಿ ಗಲಾಟೆ ಇದ್ದರೆ ನಾನು ಗೊಂದಲಕ್ಕೆ ಬೀಳುತ್ತೇನೆ, ಚೀಟಿ ಬರೆದುಕೊಳ್ಳುತ್ತೇನೆ’ ಎನ್ನುವವರು ಮೂರನೆಯದರಲ್ಲಿ. ಈ ಮೆಟ್ಟಿಲುಗಳನ್ನು ಕ್ರಾಸನ್ ಮತ್ತು ಜೊತೆಗಾರರು 1989ರಲ್ಲಿ ವಿವರಿಸಿದರು, ಥೆರಪಿ ಆರಿಸಲು ಇವತ್ತಿಗೂ ಇದರಷ್ಟು ಉಪಯೋಗಕ್ಕೆ ಬರುವ ಸಾಧನ ಕಡಿಮೆ. ಮನೆಯಲ್ಲೇ ನೋಡಬಹುದು: ಒಂದು ಕೆಲಸಕ್ಕೆ ಮುಂಚೆ ‘ಎಷ್ಟು ಹೊತ್ತಾಗುತ್ತೆ, ಎಲ್ಲಿ ತಪ್ಪಬಹುದು?’ ಎಂದು ಕೇಳಿ ಬರೆದಿಡಿ. ಮುಗಿದ ಮೇಲೆ ‘ಹೇಗಾಯ್ತು?’ ಎಂದು ಕೇಳಿ. ಹೇಳಿದ್ದಕ್ಕೂ ಆದದ್ದಕ್ಕೂ ಇರುವ ಅಂತರವೇ ಅರಿವಿನ ಅಳತೆ. ತಪ್ಪು ತೋರಿಸಿ ವಾದಕ್ಕೆ ನಿಲ್ಲಬೇಡಿ. ‘ನೀವು ಸುಮ್ಮನೆ ಹೇಳ್ತೀರಿ’ ಎಂಬ ಹಟಕ್ಕೆ ಎಷ್ಟೋ ಸಲ ಮೆದುಳಿನ ಪೆಟ್ಟೇ ಕಾರಣ, ಸ್ವಭಾವವಲ್ಲ.

ಎರಡನೆಯದು ಕೆಲಸದ ಸ್ವರೂಪ. ಸ್ನಾನ, ಮಾತ್ರೆ, ಬಾಗಿಲಿಗೆ ಬೀಗ ಇವು ದಿನವೂ ಒಂದೇ ಥರ. ಅಡುಗೆ, ಕಚೇರಿ ಕೆಲಸ, ಲೆಕ್ಕಪತ್ರ, ಮಕ್ಕಳನ್ನು ನೋಡಿಕೊಳ್ಳುವುದು ದಿನಕ್ಕೊಂದು ಥರ. ಮೊದಲನೆಯದಕ್ಕೆ ರೂಢಿ ಸಾಕು, ಎರಡನೆಯದಕ್ಕೆ ಯೋಚನೆಯ ವಿಧಾನವೇ ಬೇಕು.

ಮೂರನೆಯದು, ಕಲಿತದ್ದು ಕಲಿತ ಜಾಗದಿಂದ ಹೊರಗೆ ಬರುತ್ತದೆಯೇ ಎಂಬುದು. ಥೆರಪಿ ಕೋಣೆಯಲ್ಲಿ ಚೆನ್ನಾಗಿ ಮಾಡಿ ಮನೆಯಲ್ಲಿ ಮಾಡದಿದ್ದರೆ ಆ ಗಂಟೆಗಳು ಹಾಳು. ನಾಲ್ಕನೆಯದು ಜೇಬು: ದುಡ್ಡಿನದು ಮಾತ್ರವಲ್ಲ, ಮನೆಯವರ ಹೊತ್ತಿನದೂ. ‘ಕಡಿಮೆ ಖರ್ಚಿನ’ ಮನೆ ಥೆರಪಿ ಎಂದರೆ ಒಬ್ಬರು ತಮ್ಮ ಕೆಲಸದಿಂದ ದಿನಕ್ಕೆ ಎರಡು ಗಂಟೆ ಕಿತ್ತುಕೊಳ್ಳಬೇಕು ಎಂದರ್ಥ. ಸುಸ್ತು ಐದನೆಯದು. ಮೆದುಳಿನ ಪೆಟ್ಟಿನ ಸುಸ್ತು ಗೋಡೆಗೆ ಹಾಯ್ದಂತೆ ಬರುತ್ತದೆ. 20–30 ನಿಮಿಷದ ಎರಡು ಸಲ, ಒಂದು ಗಂಟೆಯ ಒಂದು ಸಲಕ್ಕಿಂತ ಹೆಚ್ಚು ದಕ್ಕುತ್ತದೆ.

ಪರೀಕ್ಷೆಯ ಅಂಕಗಳ ಬಗ್ಗೆ ಒಂದು ಎಚ್ಚರಿಕೆ. ನೆನಪು, ಗಮನ ಮುಂತಾದವನ್ನು ನೋಡುವ ಮೋಕಾ ಎಂಬ 30 ಅಂಕದ ಪರೀಕ್ಷೆಯಲ್ಲಿ 26 ಅಥವಾ ಹೆಚ್ಚು ಬಂದರೆ ಸಾಮಾನ್ಯವೆಂದು ಎಣಿಸುವ ವಾಡಿಕೆ. 27 ಬಂದವರು ಮನೆಯಲ್ಲಿ ಒಂದು ಊಟ ತಯಾರಿಸಲಾರದೆ ಕೂತಿರಬಹುದು. 1991ರಲ್ಲಿ ಶಾಲಿಸ್ ಮತ್ತು ಬರ್ಜೆಸ್ ತಲೆಗೆ ಪೆಟ್ಟಾಗಿದ್ದ ಮೂವರನ್ನು ಅಂಗಡಿ ಬೀದಿಗೆ ಕರೆದೊಯ್ದು ಒಂದು ಪಟ್ಟಿ ಕೆಲಸ ಮತ್ತು ಕೆಲವು ನಿಯಮ ಕೊಟ್ಟು ನೋಡಿದರು. ಮೇಜಿನ ಮೇಲಿನ ಬಹುಪಾಲು ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಮಾಡಿದ್ದವರು ಬೀದಿಯಲ್ಲಿ ನಿಯಮ ಮುರಿದರು, ಕೆಲಸ ಬಿಟ್ಟರು. ಆದ್ದರಿಂದ, ಕೂರಿಸಿ ಪ್ರಶ್ನೆ ಕೇಳುವ ಪರೀಕ್ಷೆಯಷ್ಟನ್ನೇ ಮಾಡಿ ಯೋಜನೆ ಬರೆದುಕೊಡುವವರ ಬಗ್ಗೆ ಅನುಮಾನವಿರಲಿ.

ಪರದೆಯ ಆಟಗಳು

ಅಗ್ಗ, ಸುಲಭ, ಮನೆಯವರಿಗೂ ಒಂದಿಷ್ಟು ಬಿಡುವು. ಅಂಕ ಏರುವುದು ಕಣ್ಣಿಗೆ ಕಾಣುತ್ತದೆ. ತೊಂದರೆ ಇರುವುದು ಅಲ್ಲೇ: ಏರುವುದು ಬಹುಪಾಲು ಆ ಆಟದ ಅಂಕ. 2010ರಲ್ಲಿ ಏಡ್ರಿಯನ್ ಓವೆನ್ ಮತ್ತು ಜೊತೆಗಾರರು 11,430 ಜನರಿಗೆ ಆರು ವಾರ ಆನ್‌ಲೈನ್ ಮೆದುಳಿನ ಆಟ ಆಡಿಸಿ ನೋಡಿದರು. ಆಡಿದ ಪ್ರತಿ ಆಟದಲ್ಲೂ ಸುಧಾರಣೆ ಕಂಡಿತು, ಅದಕ್ಕೆ ಹತ್ತಿರದ ಬೇರೆ ಪರೀಕ್ಷೆಗಳಿಗೂ ಆ ಸುಧಾರಣೆ ದಾಟಲಿಲ್ಲ. ಅವರು ಪೆಟ್ಟಾದವರಲ್ಲ, ಸಾಮಾನ್ಯ ಜನ. ಆದರೂ ಆರೋಗ್ಯವಂತ ಮೆದುಳಿನಲ್ಲೇ ದಾಟದ್ದು ಪೆಟ್ಟಾದ ಮೆದುಳಿನಲ್ಲಿ ತಾನಾಗಿ ದಾಟೀತೆಂದು ನಂಬಿ ತಿಂಗಳುಗಟ್ಟಲೆ ಕೂರಿಸುವುದು ದುಬಾರಿ ಜೂಜು.

ಹಾಗೆಂದು ಪೂರ್ತಿ ತಳ್ಳಿಹಾಕುವಂಥದ್ದೂ ಅಲ್ಲ. ಗಮನದ ತರಬೇತಿಯನ್ನು ಥೆರಪಿಸ್ಟ್ ಪಕ್ಕದಲ್ಲಿ ಕೂತು ಮಾಡಿಸಿ, ‘ಈಗ ಗಮನ ಎಲ್ಲಿ ಜಾರಿತು, ಏನು ಮಾಡಿದರೆ ವಾಪಸ್ ಬಂತು’ ಎಂದು ಬಿಡಿಸಿ ಮಾತಾಡಿ, ಅದೇ ಉಪಾಯವನ್ನು ಅಡುಗೆಮನೆಯಲ್ಲಿ ಮಾಡಿಸಿದರೆ ಅದಕ್ಕೆ ಬೆಲೆ ಇದೆ. ಸಿಸರೋನ್ ಮತ್ತು ತಂಡ 2000ದಿಂದ 2019ರವರೆಗೆ ನಾಲ್ಕು ಬಾರಿ ಸಂಶೋಧನೆಗಳನ್ನು ಒಟ್ಟಿಗಿಟ್ಟು ತೂಗಿದಾಗಲೂ ಮುಖ್ಯ ಮಾತು ಅದೇ ಆಗಿತ್ತು: ತರಬೇತಿಯ ಜೊತೆಗೆ ಯೋಚಿಸುವ ಉಪಾಯ ಕಲಿಸಿ, ಥೆರಪಿಸ್ಟ್ ಇಲ್ಲದೆ ಕಂಪ್ಯೂಟರಿಗೆ ಬಿಟ್ಟುಬಿಡಬೇಡಿ.

ಸೌಮ್ಯ ಪೆಟ್ಟು, ಅರಿವು ಚೆನ್ನಾಗಿದೆ, ಓದು ಅಥವಾ ಕಚೇರಿಗೆ ಮರಳಬೇಕು, ಥೆರಪಿಸ್ಟ್ ವಾರಕ್ಕೊಮ್ಮೆ ಸಿಗುತ್ತಾರೆ ಎಂದಾದರೆ ನಡುವಿನ ದಿನಗಳಿಗೆ ಇದನ್ನು ಇಟ್ಟುಕೊಳ್ಳಬಹುದು. ನೆನಪು ತೀರಾ ಕೆಟ್ಟವರಿಗೆ, ಪರದೆ ನೋಡಿದರೆ ತಲೆನೋವು ಬರುವವರಿಗೆ ಬೇಡ.

ಹೊರಗಿಟ್ಟ ನೆನಪು: ಡೈರಿ, ಗೋಡೆ, ಮೊಬೈಲ್

ಒಳಗೆ ಕೂರದ್ದನ್ನು ಹೊರಗೆ ಇಡುವುದು. ಮಧ್ಯಮ ಮತ್ತು ತೀವ್ರ ಮರೆವಿಗೆ ಇಷ್ಟು ಗಟ್ಟಿ ಆಧಾರವಿರುವ ಬೇರೆ ದಾರಿ ಸಿಗುವುದು ಕಷ್ಟ. 2001ರಲ್ಲಿ ಬಾರ್ಬರಾ ವಿಲ್ಸನ್ ತಂಡ 143 ಜನರಿಗೆ ಸರದಿಯಂತೆ ಒಂದು ಪೇಜರ್ ಕೊಟ್ಟು, ಆಯಾ ಹೊತ್ತಿಗೆ ‘ಮಾತ್ರೆ ತೆಗೆದುಕೊಳ್ಳಿ’, ‘ಊಟ ಕಟ್ಟಿಕೊಳ್ಳಿ’ ಎಂಬಂಥ ಸಂದೇಶ ಬರುವಂತೆ ಮಾಡಿತು. 16 ವಾರದ ಪ್ರಯೋಗ ಮುಗಿಸಿದವರಲ್ಲಿ ಶೇ. 80ಕ್ಕೂ ಹೆಚ್ಚು ಜನ ಪೇಜರ್ ಇದ್ದಾಗ ದಿನದ ಕೆಲಸಗಳಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಹಲವರಿಗೆ ಪೆಟ್ಟಾಗಿ ವರ್ಷಗಳೇ ಆಗಿದ್ದವು. ‘ಆರು ತಿಂಗಳು ದಾಟಿತು, ಇನ್ನೇನೂ ಆಗಲ್ಲ’ ಎಂಬ ಮಾತಿಗೆ ಇದೇ ಉತ್ತರ. ಪೇಜರ್ ಮಾಡುತ್ತಿದ್ದ ಕೆಲಸವನ್ನು ಇವತ್ತು ಯಾವ ಸಾದಾ ಸ್ಮಾರ್ಟ್‌ಫೋನೂ ಮಾಡುತ್ತದೆ.

ಡೈರಿ ಮತ್ತು ಮೊಬೈಲ್ ನಡುವೆ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಪೆಟ್ಟಿಗೆ ಮುಂಚೆ ಯಾವುದು ಕೈಯಲ್ಲಿತ್ತು? ಹಳೆಯ ರೂಢಿ ಬಹಳ ಸಲ ಉಳಿದಿರುತ್ತದೆ, ಹೊಸ ಆ್ಯಪ್ ಕಲಿಯುವುದೇ ಒಂದು ಭಾರ. ಎರಡನೆಯದಾಗಿ, ಡೈರಿ ಕರೆಯುವುದಿಲ್ಲ, ಮೊಬೈಲ್ ಕರೆಯುತ್ತದೆ. ಡೈರಿ ನೋಡಬೇಕೆಂಬುದೇ ಮರೆತುಹೋಗುವವರಿಗೆ ಡೈರಿಯೊಂದನ್ನೇ ಕೊಟ್ಟರೆ ಸೋಲು ಖಚಿತ. ದಿನಕ್ಕೆ ನಾಲ್ಕು ಹೊತ್ತಿಗೆ, ಎದ್ದ ಮೇಲೆ, ಮಧ್ಯಾಹ್ನ ಊಟವಾದ ಮೇಲೆ, ಸಂಜೆ, ಮಲಗುವ ಮುಂಚೆ, ‘ಡೈರಿ ನೋಡು’ ಎಂಬ ಅಲಾರಾಂ ಇಟ್ಟರೆ ಎರಡರ ಬಲವೂ ಸೇರುತ್ತದೆ.

ಡೈರಿ ಒಂದೇ ಇರಲಿ, ಹೊಲಿದ ಪುಸ್ತಕವಾಗಿರಲಿ. ಬಿಡಿಹಾಳೆ, ಚೀಟಿ, ಫ್ರಿಜ್ಜಿನ ಮೇಲೊಂದು, ಜೇಬಿನಲ್ಲೊಂದು ಅಂತ ಆದರೆ ‘ಎಲ್ಲಿ ಬರೆದೆ’ ಎಂಬುದೇ ಹೊಸ ಮರೆವು. ಐದು ಭಾಗ ಸಾಕು: ಮೊದಲ ಪುಟದಲ್ಲಿ ‘ನನಗೆ ಏನಾಯಿತು, ಈಗ ಎಲ್ಲಿದ್ದೇನೆ’ ಎಂಬ ನಾಲ್ಕು ಸಾಲು, ಆಮೇಲೆ ಇವತ್ತಿನ ವೇಳಾಪಟ್ಟಿ, ಮಾಡಬೇಕಾದ ಕೆಲಸ, ಜನರ ಹೆಸರು ಮತ್ತು ಫೋಟೊ, ಮಾತ್ರೆ. ಇವತ್ತಿನ ಪುಟಕ್ಕೆ ದಪ್ಪ ಕ್ಲಿಪ್ ಹಾಕಿ. ಮುಗಿದ ಕೆಲಸಕ್ಕೆ ಆಗಲೇ ಗೀಟು ಎಳೆಯುವುದು ನಿಯಮವಾಗಲಿ, ಇಲ್ಲದಿದ್ದರೆ ಮಾತ್ರೆ ಎರಡು ಸಲ ಹೋಗುತ್ತದೆ.

ಸೊಹ್ಲ್‌ಬರ್ಗ್ ಮತ್ತು ಮಟೀರ್ 1989ರಲ್ಲಿ ಡೈರಿ ಕಲಿಸುವುದನ್ನು ಮೂರು ಹಂತ ಮಾಡಿದರು. ಯಾವ ಭಾಗ ಯಾವುದಕ್ಕೆ ಎಂದು ಗೊತ್ತಾಗುವುದು ಒಂದು, ಯಾವಾಗ ಎಲ್ಲಿ ಬರೆಯಬೇಕೆಂದು ನಾಟಕದಂತೆ ಅಭ್ಯಾಸ ಮಾಡುವುದು ಎರಡು, ನಿಜವಾದ ಹೊರಗಿನ ಸಂದರ್ಭದಲ್ಲಿ ಬಳಸುವುದು ಮೂರು. ಮನೆಯಲ್ಲಿ ಮೊದಲೆರಡು ಹಂತ ಹಾರಿಸಿ ‘ಡೈರಿ ತಂದುಕೊಟ್ಟೆವು, ಮುಟ್ಟುವುದೇ ಇಲ್ಲ’ ಎಂದು ಕೈಚೆಲ್ಲುತ್ತಾರೆ. ಇನ್ನೊಂದು ಸಾಮಾನ್ಯ ಎಡವಟ್ಟು, ಅವರ ಬದಲು ಮನೆಯವರೇ ಬರೆಯುವುದು. ಅಕ್ಷರ ಸೊಟ್ಟಗಿದ್ದರೂ ಬರೆಯುವ ಕೈ ಅವರದೇ ಇರಬೇಕು.

ಮೊಬೈಲಿನಲ್ಲಿ ಕೆಡುವುದು ಬೇರೆ ರೀತಿ. ಬರೀ ಸದ್ದಿನ ಅಲಾರಾಂ ಹೊಡೆದರೆ ‘ಇದು ಯಾಕೆ ಹೊಡೆಯಿತು’ ಎಂಬುದು ಗೊತ್ತಾಗುವುದಿಲ್ಲ, ಕೆಲಸದ ಹೆಸರು ಪರದೆಯ ಮೇಲೆ ಬರಬೇಕು. ಅಲಾರಾಂ ಆಫ್ ಮಾಡಿ ‘ಆಮೇಲೆ’ ಎಂದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಕೆಲಸ ಮಾಡಬಲ್ಲ ಜಾಗದಲ್ಲಿ ಇರುವ ಹೊತ್ತಿಗೇ ಹೊಡೆಯುವಂತೆ, ಹತ್ತು ನಿಮಿಷಕ್ಕೆ ಮತ್ತೊಮ್ಮೆ ಬರುವಂತೆ ಇಡಿ. ಶುರುವಿಗೆ ಎರಡು ಮೂರು ಅಲಾರಾಂ ಸಾಕು. ಹದಿನೈದು ಇಟ್ಟರೆ ಯಾವುದಕ್ಕೂ ಬೆಲೆ ಇರುವುದಿಲ್ಲ. ಚಾರ್ಜ್ ಹಾಕುವುದೂ ನೆನಪಿನ ಕೆಲಸವೇ. ಚಾರ್ಜರ್ ದಿಂಬಿನ ಪಕ್ಕದಲ್ಲೇ ಇರಲಿ.

ಅರಿವು ಮೊದಲ ಮೆಟ್ಟಿಲಿನಲ್ಲಿದ್ದರೂ ಮೊಬೈಲ್ ಅಲಾರಾಂ ನಡೆಯುತ್ತದೆ. ಡೈರಿಯನ್ನು ಸ್ವತಂತ್ರವಾಗಿ ಬಳಸಲು ಎರಡನೆಯ ಮೆಟ್ಟಿಲಾದರೂ ಬೇಕು. ‘ನನಗೇನೂ ಆಗಿಲ್ಲ’ ಎನ್ನುವವರಿಗೆ ಎರಡೂ ಅಲ್ಲ. ಅಂಥವರಿಗೆ ಮನೆಯನ್ನೇ ಬದಲಿಸಬೇಕು: ದಿನದ ಮಾತ್ರೆ ತುಂಬಿಟ್ಟ ವಾರದ ಡಬ್ಬಿ, ತಾನಾಗಿ ಆರುವ ಒಲೆ ಅಥವಾ ಕೆಟಲ್, ಕಪಾಟಿನ ಮೇಲೆ ಒಳಗಿರುವುದರ ಚಿತ್ರ, ಬಾಗಿಲಿನ ಪಕ್ಕದಲ್ಲೇ ಬೀಗದಕೈ ಮೊಳೆ.

ಒಂದೇ ಕೆಲಸವನ್ನು ರೂಢಿಗೆ ತರುವುದು

ನೆನಪು ತೀರಾ ಕೆಟ್ಟಿದ್ದರೂ ಕೈಗೆ ರೂಢಿಯಾಗುವ ಕಲಿಕೆ ಬಹಳ ಸಲ ಉಳಿದಿರುತ್ತದೆ. ನಿನ್ನೆ ಏನು ಕಲಿತೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ಆದರೆ ಕೈ ಸರಿಯಾಗಿ ಹೋಗುತ್ತದೆ. ಅಪಾಯವೂ ಇದರಲ್ಲೇ ಇದೆ: ತಪ್ಪಾಗಿ ಮಾಡಿದರೆ ಆ ತಪ್ಪೂ ಹಾಗೇ ಕೂರುತ್ತದೆ, ತಪ್ಪೆಂದು ಜ್ಞಾಪಕವಿಟ್ಟು ತಿದ್ದಿಕೊಳ್ಳಲು ನೆನಪೇ ಇಲ್ಲ. ಅದಕ್ಕೇ ಇಂಥವರಿಗೆ ತಪ್ಪಾಗಲು ಬಿಡದೆ ಕಲಿಸುವ ವಿಧಾನ. ಇದರ ಆಧಾರವನ್ನು ಬ್ಯಾಡ್ಲೆ ಮತ್ತು ವಿಲ್ಸನ್ 1994ರಲ್ಲಿ ತೋರಿಸಿದರು.

ಚಹಾ ಮಾಡುವುದನ್ನೇ ತೆಗೆದುಕೊಳ್ಳಿ. ಒಂಬತ್ತು ಹೆಜ್ಜೆ: ಪಾತ್ರೆ ತೆಗೆ, ಒಂದು ಲೋಟ ನೀರು ಅಳೆದು ಹಾಕು, ಒಲೆ ಹಚ್ಚು, ಪುಡಿ ಹಾಕು, ಕುದಿ ಬಂದಾಗ ಒಲೆ ಆರಿಸು, ಲೋಟಕ್ಕೆ ಸೋಸು, ಸಕ್ಕರೆ ಹಾಕು, ಪಾತ್ರೆ ಸಿಂಕಿಗಿಡು, ಒಲೆಯ ಗುಂಡಿ ಇನ್ನೊಮ್ಮೆ ನೋಡು. ಮೊದಲ ದಿನಗಳಲ್ಲಿ ಪ್ರತಿ ಹೆಜ್ಜೆಯನ್ನೂ ಮುಂಚೆಯೇ ಹೇಳಿ, ಬೇಕಿದ್ದರೆ ಕೈ ಹಿಡಿದು ಮಾಡಿಸಿ. ‘ಮುಂದೇನು, ಯೋಚಿಸು’ ಎಂದು ಕೇಳಬೇಡಿ. ಊಹೆ ಮಾಡಿಸುವುದೆಂದರೆ ತಪ್ಪನ್ನು ಆಹ್ವಾನಿಸಿದಂತೆ. ಸಾಮಾನೆಲ್ಲ ಬಳಸುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿಡಿ, ಒಂದು ಬದಿ ಲಕ್ಷ್ಯಕ್ಕೆ ಬಾರದವರಾದರೆ ಎಲ್ಲವೂ ಕಾಣುವ ಬದಿಯಲ್ಲಿರಲಿ. ಕೆಲವು ದಿನ ಎಡವದೆ ಆದ ಮೇಲೆ ಕೊನೆಯ ಹೆಜ್ಜೆಗೆ ಹೇಳುವುದನ್ನು ನಿಲ್ಲಿಸಿ. ಅದು ಗಟ್ಟಿಯಾದರೆ ಕೊನೆಯ ಎರಡಕ್ಕೆ. ಹೀಗೆ ಹಿಂದಿನಿಂದ ಮುಂದಕ್ಕೆ ಕಳಚುತ್ತ ಬಂದರೆ ಪ್ರತಿ ಸಲವೂ ಕೆಲಸ ಅವರ ಕೈಯಲ್ಲೇ ಮುಗಿಯುತ್ತದೆ. ನಡುವೆ ತಪ್ಪಾದರೆ, ಅವಸರದಲ್ಲಿ ಬಿಟ್ಟಿರಿ ಎಂದರ್ಥ. ಒಂದು ಹೆಜ್ಜೆ ಹಿಂದೆ ಹೋಗಿ.

ಹೆಸರು, ಫೋನ್ ನಂಬರ್, ‘ಬೀಗದಕೈ ಎಲ್ಲಿದೆ’ ಎಂಬಂಥ ಸಣ್ಣ ಸಂಗತಿಗಳಿಗೆ ಅಂತರ ಹೆಚ್ಚಿಸುತ್ತ ಕೇಳುವ ವಿಧಾನ ಒಳ್ಳೆಯದು. ಹೇಳಿ, ತಕ್ಷಣ ಕೇಳಿ. ಆಮೇಲೆ 30 ಸೆಕೆಂಡ್, 1 ನಿಮಿಷ, 2, 4, 8, 16 ನಿಮಿಷ. ತಪ್ಪಿದರೆ ಕಾಯಿಸದೆ ಸರಿಯುತ್ತರ ಹೇಳಿ, ಅವರ ಬಾಯಲ್ಲಿ ಹೇಳಿಸಿ, ಕೊನೆಗೆ ಸರಿ ಬಂದಿದ್ದ ಅಂತರಕ್ಕೆ ವಾಪಸ್ ಹೋಗಿ. ನಡುವಿನ ನಿಮಿಷಗಳಲ್ಲಿ ಬೇರೆ ಮಾತು, ಬೇರೆ ಕೆಲಸ ನಡೆಯಲಿ.

ಕೊರತೆ ಒಂದೇ, ಆದರೆ ದೊಡ್ಡದು: ಕಲಿತದ್ದು ಆ ಒಲೆಗೆ, ಆ ಪಾತ್ರೆಗೆ ಅಂಟಿಕೊಂಡಿರುತ್ತದೆ. ಮನೆ ಬದಲಾದರೆ, ಒಲೆ ಬದಲಾದರೆ ಮತ್ತೆ ಕಲಿಸಬೇಕು. ಹಾಗಾಗಿ ಇದನ್ನು ಆರಿಸಿದರೆ ಥೆರಪಿ ನಡೆಯಬೇಕಾದದ್ದು ಅವರ ಮನೆಯಲ್ಲೇ, ಅವರ ಸಾಮಾನಿನಲ್ಲೇ. ಕೇಂದ್ರದ ಮಾದರಿ ಅಡುಗೆಮನೆಗೆ ದುಡ್ಡು ಕೊಡುವುದು ವ್ಯರ್ಥ.

ಯೋಜನೆ ಹಾಕುವುದನ್ನು ಕಲಿಸುವುದು

ನೆನಪು ತಕ್ಕಮಟ್ಟಿಗಿದೆ, ಆದರೆ ಕೆಲಸ ಶುರು ಮಾಡಲು ಆಗುವುದಿಲ್ಲ, ಕ್ರಮ ತಪ್ಪುತ್ತದೆ, ನಡುವೆ ಇನ್ನೇನೋ ಹಿಡಿದುಕೊಂಡು ಕೂರುತ್ತಾರೆ. ಇಂಥವರಿಗೆ ಕೆಲಸ ಕಲಿಸುವುದಕ್ಕಿಂತ ಕೆಲಸ ಹಿಡಿಯುವ ರೀತಿ ಕಲಿಸಬೇಕು. ಇದರಲ್ಲಿ ಎರಡು ಹೆಸರುಗಳು ನಿಮ್ಮ ಕಿವಿಗೆ ಬೀಳುತ್ತವೆ. ಗೋಲ್ ಮ್ಯಾನೇಜ್‌ಮೆಂಟ್ ಟ್ರೇನಿಂಗ್‌ನಲ್ಲಿ ನಡುನಡುವೆ ತಮಗೆ ತಾವೇ ‘ನಿಲ್ಲು’ ಎಂದುಕೊಂಡು, ‘ನಾನು ಈಗ ಮಾಡಬೇಕಿದ್ದದ್ದು ಏನು’ ಎಂದು ಕೇಳಿ, ಕೆಲಸವನ್ನು ಹೆಜ್ಜೆಗಳಾಗಿ ಬಿಡಿಸಿ, ಮಾಡಿ, ಸರಿಯಾಯಿತೇ ನೋಡುವುದು ಕಲಿಸುತ್ತಾರೆ. ಬಹುಮಟ್ಟಿಗೆ ಗುಂಪಿನಲ್ಲಿ ನಡೆಯುತ್ತದೆ, ಹಾಗಾಗಿ ಒಬ್ಬೊಬ್ಬರಿಗೆ ಖರ್ಚು ಕಡಿಮೆ. ಕೋ-ಆಪ್ ಎಂದು ಕರೆಯುವುದು ಹೆಲೆನ್ ಪೊಲಟಾಯ್ಕೊ ಮತ್ತು ಏಂಜೆಲಾ ಮ್ಯಾಂಡಿಚ್ ಮೊದಲು ಮಕ್ಕಳಿಗೆಂದು ರೂಪಿಸಿದ್ದು, ಆಮೇಲೆ ಪಾರ್ಶ್ವವಾಯು ಮತ್ತು ತಲೆಪೆಟ್ಟಿನವರಿಗೂ ಬಂತು. ಇಲ್ಲಿ ಪೆಟ್ಟಾದವರೇ ಮೂರು ಗುರಿ ಆರಿಸುತ್ತಾರೆ. ಪ್ರತಿಯೊಂದಕ್ಕೂ ಗುರಿ, ಯೋಜನೆ, ಮಾಡು, ನೋಡು ಎಂಬ ಸುತ್ತು. ಸುಮಾರು ಹತ್ತು ಭೇಟಿಗಳ ಲೆಕ್ಕ. ಇದರಲ್ಲಿ ಥೆರಪಿಸ್ಟ್ ಉತ್ತರ ಹೇಳುವುದಿಲ್ಲ, ‘ಎಲ್ಲಿ ಕೆಟ್ಟಿತು, ಬೇರೆ ಹೇಗೆ ಮಾಡಬಹುದು’ ಎಂದು ಕೇಳುತ್ತಾರೆ. ಪಕ್ಕದಲ್ಲಿ ನಿಂತ ಮನೆಯವರು ತಾಳ್ಮೆಗೆಟ್ಟು ಉತ್ತರ ಹೇಳಿಬಿಟ್ಟರೆ ಇಡೀ ಪ್ರಯತ್ನ ನೀರಿಗೆ ಹೋದಂತೆ.

ಹಿಂದಿನ ವಿಧಾನಕ್ಕೆ ಇದು ತೀರಾ ವಿರುದ್ಧ ಎಂಬುದನ್ನು ಗಮನಿಸಿ: ಅಲ್ಲಿ ತಪ್ಪಾಗಲು ಬಿಡಬಾರದು, ಇಲ್ಲಿ ತಪ್ಪೇ ಪಾಠ. 2017ರಲ್ಲಿ ಓನ್ಸ್‌ವರ್ತ್ ಮತ್ತು ತಂಡ ತೀವ್ರ ಪೆಟ್ಟಾದ 54 ಜನರಲ್ಲಿ ಈ ಎರಡನ್ನೂ ಹೋಲಿಸಿತು. ತಪ್ಪಿನಿಂದ ಕಲಿತವರು ತಮ್ಮ ತಪ್ಪನ್ನು ತಾವೇ ಹಿಡಿದು ತಿದ್ದಿಕೊಳ್ಳುವುದರಲ್ಲಿ ಮುಂದಿದ್ದರು. ಅಂದರೆ ಪೆಟ್ಟು ತೀವ್ರವಾದ ಮಾತ್ರಕ್ಕೆ ಎಲ್ಲರನ್ನೂ ತಪ್ಪಿಲ್ಲದ ರೂಢಿಗೆ ತಳ್ಳಬೇಕಿಲ್ಲ. ನಿನ್ನೆಯ ತಪ್ಪು ಇವತ್ತು ಸ್ವಲ್ಪವಾದರೂ ನೆನಪಿರುವವರಿಗೆ ಎರಡನೆಯ ದಾರಿ ತೆರೆದಿದೆ. ನೆನಪೇ ಇರದವರಿಗೆ, ತಪ್ಪಿದಾಗ ಸಿಟ್ಟಿಗೆದ್ದು ಪಾತ್ರೆ ಎಸೆಯುವವರಿಗೆ ಸದ್ಯಕ್ಕೆ ಮೊದಲನೆಯದೇ.

ಇಡೀ ದಿನದ ಸಮಗ್ರ ಕಾರ್ಯಕ್ರಮ

ನೆನಪು, ನಡವಳಿಕೆ, ಮನಸ್ಸು, ಸಂಸಾರ, ಉದ್ಯೋಗ ಎಲ್ಲವನ್ನೂ ಒಂದೇ ಸೂರಿನಡಿ ಹಿಡಿಯುವ ಕಾರ್ಯಕ್ರಮಗಳಿವೆ. ಯೆಹೂದಾ ಬೆನ್-ಯಿಶಾಯ್ 1970ರ ದಶಕದಲ್ಲಿ ಶುರು ಮಾಡಿದ ದಾರಿ ಇದು. ಸಿಸರೋನ್ ತಂಡ 2008ರಲ್ಲಿ 68 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೆ 15 ಗಂಟೆಯಂತೆ 16 ವಾರ ಇಂಥ ಸಮಗ್ರ ಕಾರ್ಯಕ್ರಮ, ಇನ್ನೊಂದಕ್ಕೆ ಅಷ್ಟೇ ಗಂಟೆ ಬಿಡಿಬಿಡಿ ಥೆರಪಿ ಕೊಟ್ಟಿತು. ಸಮಾಜದಲ್ಲಿ ಬೆರೆತು ಬಾಳುವುದರಲ್ಲಿ ಮೊದಲ ಗುಂಪು ಹೆಚ್ಚು ಗಳಿಸಿತು. ಗಂಟೆ ಒಂದೇ ಇದ್ದರೂ ಜೋಡಣೆ ಫಲ ಕೊಟ್ಟಿತು ಎಂಬುದು ಇಲ್ಲಿ ಮುಖ್ಯ.

ಎಲ್ಲಕ್ಕಿಂತ ದುಬಾರಿ ಇದು, ಎಲ್ಲೆಡೆ ಸಿಗುವುದೂ ಇಲ್ಲ. ಉದ್ಯೋಗಕ್ಕೆ ಮರಳುವ ವಯಸ್ಸು, ಮರೆವಿಗಿಂತ ಸಿಟ್ಟು ಮತ್ತು ಸಂಬಂಧಗಳ ಒಡಕು ದೊಡ್ಡದು, ಅರಿವು ಅಲ್ಪಸ್ವಲ್ಪವಾದರೂ ಇದೆ, ದಿನಕ್ಕೆ ನಾಲ್ಕೈದು ಗಂಟೆ ಕೂರುವ ಶಕ್ತಿ ಇದೆ: ಇಷ್ಟೂ ಸೇರಿದರೆ ಹಾಕಿದ ದುಡ್ಡಿಗೆ ಅರ್ಥವಿದೆ. ಒಂದೆರಡು ಮನೆಗೆಲಸ ಕಲಿಸಲು ಇಷ್ಟು ದೊಡ್ಡ ವ್ಯವಸ್ಥೆ ಬೇಡ. ಅರಿವು ತೀರಾ ಇಲ್ಲದವರಿಗೂ, ಗುಂಪಿನಲ್ಲಿ ಇತರರ ತಪ್ಪು ನೋಡಿ ತಮ್ಮದು ಕಾಣತೊಡಗುವುದರಿಂದ, ಒಮ್ಮೊಮ್ಮೆ ಅನಿರೀಕ್ಷಿತ ಲಾಭವಾಗುವುದುಂಟು.

ಕೇಂದ್ರವೋ, ಮನೆಯೋ, ವಿಡಿಯೊ ಕರೆಯೋ

ಈ ಬಗ್ಗೆ 2000ದಲ್ಲಿ ಬಂದ ಸಾಲಜಾರ್ ತಂಡದ ಅಧ್ಯಯನ ಮನೆಯವರು ತಿಳಿದಿರಬೇಕಾದದ್ದು. ಮಧ್ಯಮದಿಂದ ತೀವ್ರ ಪೆಟ್ಟಾದ 120 ಅಮೆರಿಕನ್ ಸೈನಿಕರಲ್ಲಿ ಕೆಲವರಿಗೆ ಎಂಟು ವಾರ ಆಸ್ಪತ್ರೆಯಲ್ಲಿಟ್ಟು ತರಬೇತಿ, ಉಳಿದವರಿಗೆ ಮನೆಯಲ್ಲೇ ಅಭ್ಯಾಸ ಮತ್ತು ವಾರಕ್ಕೊಮ್ಮೆ ನರ್ಸ್ ಫೋನ್. ಒಂದು ವರ್ಷದ ನಂತರ ಕೆಲಸಕ್ಕೆ ಮರಳಿದವರು ಆಸ್ಪತ್ರೆ ಗುಂಪಿನಲ್ಲಿ ಶೇ. 90, ಮನೆಯ ಗುಂಪಿನಲ್ಲಿ ಶೇ. 94. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಆದರೆ ಒಂದು ಗಂಟೆಗಿಂತ ಹೆಚ್ಚು ಪ್ರಜ್ಞೆ ತಪ್ಪಿದ್ದವರನ್ನಷ್ಟೇ ತೆಗೆದು ನೋಡಿದಾಗ ಸೇನಾ ಕರ್ತವ್ಯಕ್ಕೆ ಯೋಗ್ಯರಾದವರು ಆಸ್ಪತ್ರೆ ಗುಂಪಿನಲ್ಲಿ ಶೇ. 80, ಮನೆಯ ಗುಂಪಿನಲ್ಲಿ ಶೇ. 58. ಪೆಟ್ಟು ಹಗುರವಾದಷ್ಟೂ ಮನೆ ಸಾಕು, ಭಾರವಾದಷ್ಟೂ ಕೇಂದ್ರದ ಕಡೆ ತಕ್ಕಡಿ ವಾಲುತ್ತದೆ ಎಂಬ ಸುಳಿವು ಇದರಲ್ಲಿದೆ. ಅವರೆಲ್ಲ ಎಳೆಯ ವಯಸ್ಸಿನ, ಮರಳಲು ಕೆಲಸ ಕಾದಿದ್ದ ಸೈನಿಕರು ಎಂಬುದನ್ನೂ ಮರೆಯಬಾರದು.

ನುಂಗುವುದು, ನಡೆಯುವುದು, ಮಲಮೂತ್ರದ ಹಿಡಿತ, ಅಲೆದಾಡುವ ಅಪಾಯ ಇವು ಇನ್ನೂ ತೀರದಿದ್ದರೆ ಚರ್ಚೆಯೇ ಬೇಡ, ಒಳರೋಗಿಯಾಗಿರುವುದೇ ಸರಿ. ಅದು ಮುಗಿದ ಮೇಲೆ ರೂಢಿ ಕಲಿಸಲು ಮನೆ, ಯೋಜನೆ ಕಲಿಸಲು ಮನೆ ಅಥವಾ ಹೊರರೋಗಿ ವಿಭಾಗ. ಡೈರಿ ಮತ್ತು ಅಲಾರಾಂ ಸರಿಹೊಂದಿಸಲು ವಿಡಿಯೊ ಕರೆ ಸಾಕಷ್ಟು ಚೆನ್ನಾಗಿ ನಡೆಯುತ್ತದೆ. ಒಲೆ, ಚಾಕು, ಮೆಟ್ಟಿಲು, ಬಚ್ಚಲು ಸೇರಿದ ಕೆಲಸವನ್ನು ವಿಡಿಯೊದಲ್ಲಿ ಮಾಡಿಸಬೇಡಿ, ಇನ್ನೊಬ್ಬರು ಪಕ್ಕದಲ್ಲಿಲ್ಲದಿದ್ದರಂತೂ ಬೇಡವೇ ಬೇಡ.

ಜೇಬಿಗೆ ತಕ್ಕ ಜೋಡಣೆ

ದುಡ್ಡು ತೀರಾ ಕಡಿಮೆ, ಮನೆಯಲ್ಲಿ ಒಬ್ಬರಿಗೆ ಹೊತ್ತಿದೆ: ಒಳ್ಳೆಯ ಥೆರಪಿಸ್ಟ್‌ರ ಎರಡು ಮೂರು ಮನೆ ಭೇಟಿಗೆ ಮಾತ್ರ ಖರ್ಚು ಮಾಡಿ. ಮೊದಲನೆಯದು ಕೆಲಸ ಮಾಡಿಸಿ ನೋಡಲು, ಎರಡನೆಯದು ಹೆಜ್ಜೆಗಳನ್ನು ನಿಮಗೆ ಕಲಿಸಲು, ಮೂರನೆಯದು ತಿಂಗಳ ನಂತರ ತಿದ್ದಲು. ನಡುವಿನದು ನಿಮ್ಮ ಪಾಲು. ಆ್ಯಪ್ ಚಂದಾಕ್ಕೆ ಕೊಡುವ ದುಡ್ಡನ್ನು ಇಲ್ಲಿಗೆ ತಿರುಗಿಸಿ.

ದುಡ್ಡಿದೆ, ಮನೆಯಲ್ಲಿ ಯಾರಿಗೂ ಹೊತ್ತಿಲ್ಲ: ವಾರಕ್ಕೆ ಮೂರು ದಿನ ಬರುವ ಥೆರಪಿಸ್ಟ್, ಉಳಿದ ದಿನ ಅವರಿಂದಲೇ ತರಬೇತಿ ಪಡೆದ ಸಹಾಯಕರು. ಸಹಾಯಕರು ಎಲ್ಲವನ್ನೂ ತಾವೇ ಮಾಡಿ ಮುಗಿಸಿಬಿಡುವ ಅಪಾಯ ಇಲ್ಲಿ ಹೆಚ್ಚು. ಯಾವ ಹೆಜ್ಜೆಗೆ ಕೈ ಹಾಕಬಾರದು ಎಂಬುದನ್ನು ಗೋಡೆಗೆ ಬರೆದು ಅಂಟಿಸಿ.

ಕೆಲಸಕ್ಕೆ ಮರಳಬೇಕಾದವರು, ಯೋಚಿಸುವ ರೀತಿ ಕಲಿಯಬೇಕೋ ಕೆಲಸವನ್ನೇ ಮಾಡುತ್ತ ಕಲಿಯಬೇಕೋ ಎಂದು ತೂಗಾಡುತ್ತಿರುವವರು 2008ರ ಇನ್ನೊಂದು ಹೋಲಿಕೆ ನೋಡಬಹುದು. ವಾಂಡರ್‌ಪ್ಲೂಗ್ ತಂಡ 360 ಸೈನಿಕರು ಮತ್ತು ಮಾಜಿ ಸೈನಿಕರಲ್ಲಿ ಯೋಚನೆಯ ತರಬೇತಿಯನ್ನೂ ನಿಜಕೆಲಸ ಮಾಡಿಸುವ ತರಬೇತಿಯನ್ನೂ ಎದುರುಬದುರು ಇಟ್ಟಿತು. ವರ್ಷದ ಕೊನೆಗೆ ಒಟ್ಟಾರೆ ಎರಡೂ ಸಮ. ಒಳಗೆ ಬಿಡಿಸಿ ನೋಡಿದಾಗ, ಎಳೆಯರು ಯೋಚನೆಯ ತರಬೇತಿಯಿಂದ ಕೆಲಸ ಅಥವಾ ಓದಿಗೆ ಹೆಚ್ಚು ಮರಳಿದ್ದರು. ವಯಸ್ಸಾದವರು ಮತ್ತು ಹೆಚ್ಚು ಓದಿದವರು ನಿಜಕೆಲಸದ ತರಬೇತಿಯಿಂದ ಸ್ವತಂತ್ರವಾಗಿ ಬಾಳುವುದರಲ್ಲಿ ಮುಂದಿದ್ದರು.

ನಡೆಯುತ್ತಿದೆಯೋ ಇಲ್ಲವೋ

‘ಸ್ವಲ್ಪ ಪರವಾಗಿಲ್ಲ’ ಎಂಬುದು ಅಳತೆಯಲ್ಲ. ಒಂದು ಕೆಲಸ ಆರಿಸಿ, ಪ್ರತಿ ಹೆಜ್ಜೆಗೂ ಎಷ್ಟು ನೆರವು ಬೇಕಾಯಿತು ಎಂದು 0ಯಿಂದ 5ರವರೆಗೆ ಬರೆಯಿರಿ: 0 ತಾವೇ ಮಾಡಿದರು, 1 ‘ಮುಂದೇನು?’ ಎಂಬಷ್ಟು ಮಾತು, 2 ಕೈ ತೋರಿಸಿದಿರಿ, 3 ಇಂಥದ್ದು ಮಾಡು ಎಂದು ನೇರ ಹೇಳಿದಿರಿ, 4 ಕೈ ಹಿಡಿದು ಮಾಡಿಸಿದಿರಿ, 5 ನೀವೇ ಮಾಡಿದಿರಿ. ವಾರಕ್ಕೆರಡು ಸಲ ಬರೆದರೆ ಸಾಕು. ಆರು ವಾರದಲ್ಲಿ ಒಟ್ಟು ಅಂಕ ಇಳಿಯದಿದ್ದರೆ ವಿಧಾನ ಬದಲಿಸುವ ಮಾತು ಎತ್ತಿ. ಇಳಿದು ಮತ್ತೆ ಏರಿದರೆ ಮೊದಲು ನಿದ್ರೆ, ಮಾತ್ರೆ, ಸೋಂಕು ನೋಡಿ. ಥೆರಪಿಸ್ಟ್ ಇದ್ದಾಗ 0, ನೀವಿದ್ದಾಗ 3 ಎಂದಾದರೆ ಕಲಿಕೆ ದಾಟಿಲ್ಲ: ಮುಂದಿನ ಭೇಟಿಯಲ್ಲಿ ಥೆರಪಿಸ್ಟ್ ದೂರ ಕೂತು ನೋಡಲಿ, ನೀವು ಮಾಡಿಸಿ. ಚಹಾದಲ್ಲಿ ಎಲ್ಲ 0 ಆಗಿದೆ ಎಂದು ವಾಹನದ ಕೀಲಿ ಕೈಗೆ ಕೊಡಬೇಡಿ. ಅದಕ್ಕೆ ವೈದ್ಯರ ಒಪ್ಪಿಗೆ ಮತ್ತು ರಸ್ತೆಯ ಮೇಲಿನ ಪರೀಕ್ಷೆ ಬೇರೆಯೇ ಆಗಬೇಕು.

ಥೆರಪಿಸ್ಟನ್ನು ಗೊತ್ತು ಮಾಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಯಾವ ಯಾವ ದಿನದ ಕೆಲಸಕ್ಕೆ ಗುರಿ ಇಡುತ್ತೀರಿ? ಅದನ್ನು ಅವರು ಮಾಡುತ್ತಿರುವಾಗ ನೋಡುತ್ತೀರಾ? ತಪ್ಪಾಗಲು ಬಿಡುತ್ತೀರೋ, ಬಿಡುವುದಿಲ್ಲವೋ, ಏಕೆ? ಯಾವಾಗ, ಯಾವ ಲೆಕ್ಕದ ಮೇಲೆ ನಿಲ್ಲಿಸುತ್ತೀರಿ? ಮೂರನೆಯದಕ್ಕೆ ‘ನೆನಪು ಎಷ್ಟಿದೆ, ಅರಿವು ಎಷ್ಟಿದೆ ನೋಡಿ ಹೇಳುತ್ತೇನೆ’ ಎಂದವರು ಕೆಲಸ ಬಲ್ಲವರು. ಎಲ್ಲ ರೋಗಿಗಳಿಗೂ ಒಂದೇ ಪ್ಯಾಕೇಜ್ ಎನ್ನುವವರ ಬಳಿ ಮುಂಗಡ ಕಟ್ಟಬೇಡಿ.